‘ಜನ ಸಿಗುತ್ತಿಲ್ಲ’ ಎನ್ನುವ ಕಾಮೋಠೆಯ ಮಾಲೀಕರಿಗೆ

ಕಾಮೋಠೆಯ ಯಾವ ಹೋಟೆಲಿನ ಗಲ್ಲೆಯ ಹತ್ತಿರ ನಿಂತರೂ ಈಗ ಕೇಳುವುದು ಒಂದೇ ಮಾತು: ಜನ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ. ದೋಸೆ ಮಾಸ್ಟರ್ ಐನೂರು ರೂಪಾಯಿ ಹೆಚ್ಚು ಸಿಗುತ್ತದೆಂದು ಖಾರ್ಘರ್‌ಗೆ ಹೋದ. ಊರಿಗೆ ಹೋದ ಸಪ್ಲೈಯರ್ ಫೋನು ಎತ್ತುತ್ತಿಲ್ಲ. ಹೋಟೆಲಿನವರದ್ದಷ್ಟೇ ಅಲ್ಲ ಈ ಮಾತು. ತಳೋಜಾ ಎಂಐಡಿಸಿಯ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ನಡೆಸುವವರು, ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಸುತ್ತ ಲಾರಿ ಓಡಿಸುವವರು, ಸಣ್ಣ ಕಟ್ಟಡಗಳ ಠೇಕೆ ಹಿಡಿಯುವ ವಿಜಯಪುರ, ಕಲಬುರಗಿ ಕಡೆಯವರು, ಎಲ್ಲರೂ ಇದನ್ನೇ ಹೇಳುತ್ತಾರೆ.

ಕಾರಣ ದೂರದಲ್ಲಿಲ್ಲ. 2024ರ ಜನವರಿ 12ರಂದು ಅಟಲ್ ಸೇತು ತೆರೆಯಿತು. ನವಿ ಮುಂಬಯಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ಅಲ್ಲಿ ವಿಮಾನಗಳ ಓಡಾಟ ಶುರುವಾಯಿತು. ಕಾಮೋಠೆಗೆ ಅದು ಕೂಗಳತೆಯಷ್ಟೇ ದೂರ. ಸಾಮಾನು ಸಾಗಿಸುವವರು, ಸ್ವಚ್ಛತೆಯವರು, ಸೆಕ್ಯುರಿಟಿ, ಅಡುಗೆಯವರು, ಚಾಲಕರು ಅಲ್ಲಿಗೂ ಬೇಕು, ಅದರ ಸುತ್ತ ಏಳುತ್ತಿರುವ ಗೋದಾಮು, ಲಾಡ್ಜುಗಳಿಗೂ ಬೇಕು. ಅಲ್ಲಿನ ಏಜೆನ್ಸಿಗಳು ಕೊಡುವ ಪಗಾರ ನಿಮ್ಮದಕ್ಕಿಂತ ಬಹಳ ಹೆಚ್ಚೇನೂ ಇರಲಾರದು. ಆದರೆ ಅಲ್ಲಿ ಹುಡುಗನ ಕೈಗೆ ನೇಮಕಾತಿ ಪತ್ರ ಬರುತ್ತದೆ, ಪಿಎಫ್ ನಂಬರ್ ಬರುತ್ತದೆ, ಪಗಾರ ಬ್ಯಾಂಕಿಗೆ ಜಮೆಯಾಗುತ್ತದೆ. ನಮ್ಮವರು ಈ ಪೈಪೋಟಿಯಲ್ಲಿ ಸೋಲುತ್ತಿರುವುದು ದುಡ್ಡಿನ ವಿಷಯಕ್ಕಿಂತ ಹೆಚ್ಚಾಗಿ ಕಾಗದಪತ್ರದ ವಿಷಯದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಂದೆ ನಮಗೆ ಕಾಗದಪತ್ರದ ಅಗತ್ಯ ಬೀಳಲಿಲ್ಲ. ಉಡುಪಿ, ಕುಂದಾಪುರ, ಕಾರ್ಕಳದ ಹುಡುಗ ಮಾವನ ಹೋಟೆಲಿಗೋ ದೊಡ್ಡಪ್ಪನ ಪರಿಚಯದವರ ಹೋಟೆಲಿಗೋ ಬರುತ್ತಿದ್ದ. ಊರಿನ ಮಾತೇ ಕರಾರು, ನೆಂಟಸ್ತನವೇ ಜಾಮೀನು. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರಂಥವರು ಬಾಲ್ಯದಲ್ಲೇ ಅಡುಗೆಮನೆ ಸೇರಿ ಮೇಲೆ ಬಂದದ್ದು ಇಂಥ ಕಾಲದಲ್ಲಿ. ಹಗಲು ಲೋಟ ತೊಳೆದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಲು ಮುಂಬಯಿಯ ಕನ್ನಡ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಆ ಶಾಲೆಗಳಲ್ಲಿ ಕಲಿತವರು ವಕೀಲರಾದರು, ಬ್ಯಾಂಕ್ ನೌಕರರಾದರು, ಹೋಟೆಲು ಮಾಲೀಕರಾದರು. ಈಗ ಕರಾವಳಿಯ ಹುಡುಗರು ಓದಿ ಬೇರೆ ದಾರಿ ಹಿಡಿದಿದ್ದಾರೆ. ಅವರು ಖಾಲಿ ಬಿಟ್ಟ ಜಾಗಕ್ಕೆ ಒಡಿಶಾ, ಉತ್ತರ ಪ್ರದೇಶ, ಬಿಹಾರ, ಝಾರ್ಖಂಡ್, ಅಸ್ಸಾಂ, ನೇಪಾಳದ ಹುಡುಗರು ಬಂದಿದ್ದಾರೆ. ಅವರಿಗೆ ಇಲ್ಲಿ ಮಾವನಿಲ್ಲ, ದೊಡ್ಡಪ್ಪನಿಲ್ಲ. ನೆಂಟಸ್ತನ ಮಾಡುತ್ತಿದ್ದ ಕೆಲಸವನ್ನು ಈಗ ಕಾಗದವೇ ಮಾಡಬೇಕು.

ಮೊದಲು ನಿಮ್ಮ ಹೋಟೆಲಿನ ಕಾಗದ

ಕಾಮೋಠೆಯ ವಿಳಾಸವೇ ಬಹಳ ಮಂದಿಯನ್ನು ಗೊಂದಲಕ್ಕೆ ಕೆಡವುತ್ತದೆ. ಇದು ಸಿಡ್ಕೋ ಕಟ್ಟಿದ ನವಿ ಮುಂಬಯಿಯ ಭಾಗ. ಆದರೆ ವಾಶಿ, ನೆರೂಳ್‌ಗಳಂತೆ ಠಾಣೆ ಜಿಲ್ಲೆಗೆ ಸೇರಿಲ್ಲ. ಜಿಲ್ಲೆ ರಾಯಗಡ, ತಾಲೂಕು ಪನ್ವೇಲ್. 2016ರ ಅಕ್ಟೋಬರ್ 1ರಿಂದ ಮಹಾನಗರಪಾಲಿಕೆಯೂ ಪನ್ವೇಲ್‌ನದೇ. ಪೊಲೀಸ್ ಮಾತ್ರ ನವಿ ಮುಂಬಯಿ ಕಮಿಷನರ್ ಕೈಕೆಳಗೆ. ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆಯ ಜಾಗದಲ್ಲಿ ಠಾಣೆ ಎಂದು ಒತ್ತಿದರೆ ಅರ್ಜಿ ಬೇರೆ ಕಚೇರಿಗೆ ಹೋಗಿ ಕೂರುತ್ತದೆ. ಏಜೆಂಟರ ಕೈಗೆ ಕೊಟ್ಟರೂ ಈ ಒಂದು ಸಾಲನ್ನು ನೀವೇ ನೋಡಿ.

ನಾವೆಲ್ಲ ‘ಗುಮಾಸ್ತಾ’ ಎಂದು ಕರೆಯುವ ಕಾಗದ ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆಯಡಿ ಬರುತ್ತದೆ. ಆ ಕಾಯ್ದೆ ಬಂದಾಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿ ಆನ್‌ಲೈನ್‌ನಲ್ಲಿ ಸೂಚನೆ ಕೊಟ್ಟರೆ ಸಾಕಿತ್ತು, ಹತ್ತು ಅಥವಾ ಹೆಚ್ಚಿದ್ದರೆ ನೋಂದಣಿ ಬೇಕಿತ್ತು. ಈ ಗೆರೆಯನ್ನು ಇಪ್ಪತ್ತಕ್ಕೆ ಏರಿಸುವ ತೀರ್ಮಾನವನ್ನು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಕೈಗೊಂಡಿತು. ಸೂಚನೆ ಸಾಕು ಎಂದರೆ ಕಾಯ್ದೆಯೇ ಇಲ್ಲ ಎಂದಲ್ಲ. ಪಗಾರ, ವಾರದ ರಜೆ, ವಯಸ್ಸು, ಸುರಕ್ಷತೆಯ ಹೊಣೆ ಇಬ್ಬರೇ ಕೆಲಸಗಾರರಿದ್ದರೂ ನಿಮ್ಮದೇ. ಫಲಕದಲ್ಲಿ ದೇವನಾಗರಿಯ ಮರಾಠಿ ಅಕ್ಷರ ಇರಲೇಬೇಕು. ಕೆಳಗೆ ಕನ್ನಡದಲ್ಲೂ ಬರೆಸಿದರೆ ಯಾರ ತಕರಾರೂ ಇರದು.

ಉದ್ಯಮ್ ನೋಂದಣಿ ಮಾಡಿಸದವರು ಇವತ್ತೇ ಮಾಡಿಸಿ. ಅದು ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ಹಣ ಕೇಳುವ ನಕಲಿ ತಾಣಗಳಿವೆ, ಎಚ್ಚರ. ತಳೋಜಾದಲ್ಲಿ ಕ್ಯಾಂಟೀನ್ ನಡೆಸುವವರಿಗೆ ಇದರಿಂದ ನೇರ ಲಾಭವಿದೆ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕಂಪನಿ ಹೆಚ್ಚೆಂದರೆ 45 ದಿನಗಳೊಳಗೆ ಬಿಲ್ಲು ಪಾವತಿಸಬೇಕು. ಲಿಖಿತ ಕರಾರು ಇಲ್ಲದಿದ್ದರೆ 15 ದಿನ. ತಡಮಾಡಿದ ಕಂಪನಿ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ತೋರಿಸಿಕೊಳ್ಳಲಾಗದು ಎಂಬ ನಿಯಮ 2024ರ ಏಪ್ರಿಲ್‌ನಿಂದ ಕಚ್ಚುತ್ತಿದೆ. ಆದ್ದರಿಂದ ಬಿಲ್ಲಿನ ತಲೆಯ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಕಂಪನಿಯ ಬಿಲ್ಲು ಬರಲಿಲ್ಲ ಎಂದು ಹುಡುಗರ ಬಟವಾಡೆ ನಿಲ್ಲಿಸುವ ಪರಿಸ್ಥಿತಿ ತಪ್ಪಿಸುವ ದಾರಿಗಳಲ್ಲಿ ಇದೂ ಒಂದು.

2025ರ ನವೆಂಬರ್ 21ರ ನಂತರ ಏನು ಬದಲಾಯಿತು

ಅಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಜಾಗದ ಸುರಕ್ಷತೆ, ಹೀಗೆ 29 ಹಳೆಯ ಕಾಯ್ದೆಗಳು ನಾಲ್ಕರೊಳಗೆ ಸೇರಿದವು. ಸಣ್ಣ ಮಾಲೀಕರು ಇದನ್ನೆಲ್ಲ ಓದಿ ಮುಗಿಸಬೇಕಿಲ್ಲ. ಗಲ್ಲೆಯಲ್ಲಿ ಕೂತವರಿಗೆ ತಟ್ಟುವ ಸಂಗತಿಗಳು ಕೆಲವೇ.

ಮೊದಲನೆಯದು ನೇಮಕಾತಿ ಪತ್ರ. ಈಗ ಪ್ರತಿ ಕೆಲಸಗಾರನಿಗೂ ಕೊಡಲೇಬೇಕು, ಕ್ಲೀನರ್‌ಗೂ ಸಹ. ಹೆಸರು, ಊರು, ಕೆಲಸ, ಸೇರಿದ ದಿನ, ಪಗಾರ, ದಿನದ ವೇಳೆ, ವಾರದ ರಜೆ, ಪಿಎಫ್ ಮತ್ತು ಇಎಸ್ಐ ವಿವರ, ಇಷ್ಟು ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಅವನಿಗೆ ಓದಲು ಬರುವ ಭಾಷೆಯಲ್ಲಿ, ಹಿಂದಿಯಲ್ಲಾದರೂ, ಒಂದು ಪ್ರತಿ ಕೊಡಿ. ಸಹಿ ಹಾಕಿದ ಇನ್ನೊಂದು ನಿಮ್ಮ ಫೈಲಿನಲ್ಲಿರಲಿ. ಮುಂದೆ ಯಾವುದೇ ಜಗಳ ಬಂದರೂ ಈ ಹಾಳೆ ಇಬ್ಬರನ್ನೂ ಕಾಪಾಡುತ್ತದೆ.

ಎರಡನೆಯದು ಬಟವಾಡೆ. ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಸಂದಾಯವಾಗಬೇಕು. ಕೆಲಸ ಬಿಟ್ಟವನ ಲೆಕ್ಕ ಎರಡು ಕೆಲಸದ ದಿನಗಳೊಳಗೆ ಚುಕ್ತಾ ಆಗಬೇಕು. ನಮ್ಮಲ್ಲಿ ಬೇರೂರಿದ ಒಂದು ಪದ್ಧತಿಗೆ ಇದು ಅಡ್ಡ ಬರುತ್ತದೆ: ಊರಿಗೆ ಹೋಗುವವನು ತಿರುಗಿ ಬರಲಿ ಎಂದು ಒಂದು ತಿಂಗಳ ಪಗಾರ ಹಿಡಿದಿಟ್ಟುಕೊಳ್ಳುವ ಪದ್ಧತಿ. ಅದನ್ನು ಬಿಟ್ಟುಬಿಡಿ. ಹಿಡಿದಿಟ್ಟ ಪಗಾರಕ್ಕಾಗಿ ವಾಪಸು ಬಂದವನು ಅದು ಕೈಸೇರಿದ ದಿನವೇ ಹೋಗುತ್ತಾನೆ. ಕೊಟ್ಟ ಮುಂಗಡವನ್ನು ಕಂತಿನಲ್ಲಿ ಕಳೆಯಬಹುದು. ಆದರೆ ಎಲ್ಲ ಕಡಿತಗಳೂ ಸೇರಿ ಒಂದು ತಿಂಗಳ ಪಗಾರದ ಅರ್ಧ ದಾಟಬಾರದು. ಮುಂಗಡದ ನೆಪದಲ್ಲಿ ಆಧಾರ್ ಕಾರ್ಡನ್ನೋ ಮಾರ್ಕ್ಸ್ ಕಾರ್ಡನ್ನೋ ಇಟ್ಟುಕೊಳ್ಳಬೇಡಿ. ಸಾಲ ತೀರುವ ತನಕ ಮನುಷ್ಯನನ್ನು ಕಟ್ಟಿಹಾಕುವುದನ್ನು 1976ರ ಜೀತ ನಿರ್ಮೂಲನ ಕಾಯ್ದೆ ಅಪರಾಧವೆಂದು ಸಾರಿದೆ.

ಮೂರನೆಯದು ಹೊರರಾಜ್ಯದವರು. 1979ರ ಕಾಯ್ದೆ ಠೇಕೇದಾರ ಕರೆತಂದವರನ್ನು ಮಾತ್ರ ಅಂತರರಾಜ್ಯ ವಲಸೆ ಕಾರ್ಮಿಕರೆಂದು ನೋಡುತ್ತಿತ್ತು. ರೈಲು ಹತ್ತಿ ತಾನಾಗಿ ಬಂದ ಹುಡುಗ ಆ ಲೆಕ್ಕದಲ್ಲಿ ಇರಲಿಲ್ಲ. ಈಗಿನ ಸುರಕ್ಷತಾ ಸಂಹಿತೆಯಲ್ಲಿ ತಾನಾಗಿ ಬಂದವನೂ ಸೇರುತ್ತಾನೆ, ಪಗಾರ ತಿಂಗಳಿಗೆ 18,000 ರೂಪಾಯಿಯೊಳಗೆ ಇರಬೇಕಷ್ಟೆ. ಇಂಥವರು ಹತ್ತು ಅಥವಾ ಹೆಚ್ಚು ಮಂದಿ ಇರುವ ಜಾಗಕ್ಕೆ ವಿಶೇಷ ನಿಯಮ ಅನ್ವಯ. ಮುಖ್ಯವಾದದ್ದು ಊರಿಗೆ ಹೋಗಿ ಬರುವ ಟಿಕೆಟ್ ಖರ್ಚನ್ನು ಮಾಲೀಕರು ಒಟ್ಟು ಮೊತ್ತವಾಗಿ ಕೊಡಬೇಕೆಂಬುದು. ಸಾವು ಅಥವಾ ದೊಡ್ಡ ಗಾಯವಾದರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೆ ಮತ್ತು ಮನೆಯವರಿಗೆ ತಿಳಿಸುವುದು ಕೂಡ ಮಾಲೀಕರ ಹೊಣೆ. ಯಾದಗಿರಿಯಿಂದ ಬಂದ ಗಾರೆಯವನೂ ಕಾಮೋಠೆಯಲ್ಲಿ ಅಂತರರಾಜ್ಯ ಕಾರ್ಮಿಕನೇ. ನಮ್ಮವನೆಂಬ ಸಲಿಗೆಯಲ್ಲಿ ಅವನ ಹೆಸರನ್ನು ಪಟ್ಟಿಯಿಂದ ಬಿಡಬೇಡಿ.

ಟಿಕೆಟ್ ಖರ್ಚಿನ ಬಗ್ಗೆ ಒಂದು ಮಾತು. ಹತ್ತು ಮಂದಿ ಇಲ್ಲದಿದ್ದರೂ ಇದನ್ನು ಕೊಡಿ. ಹಬ್ಬಕ್ಕೆ ಎರಡು ತಿಂಗಳಿರುವಾಗಲೇ ಹೋಗುವ ಮತ್ತು ಬರುವ ಎರಡೂ ಟಿಕೆಟ್ ನೀವೇ ತೆಗೆಸಿಕೊಡಿ. ಬರುವ ಟಿಕೆಟ್ ಕೈಯಲ್ಲಿದ್ದವನಿಗೆ ವಾಪಸಾಗುವ ದಿನ ಮೊದಲೇ ಗೊತ್ತಿರುತ್ತದೆ. ಬಂಗಾಳ, ಬಿಹಾರದ ರೈಲುಗಳಲ್ಲಿ ಹಬ್ಬದ ಹೊತ್ತಿಗೆ ಟಿಕೆಟ್ ಸಿಗದೆ ತಿಂಗಳುಗಟ್ಟಲೆ ಊರಲ್ಲೇ ಉಳಿದವರನ್ನು ‘ಓಡಿಹೋದ’ ಎಂದು ನಾವು ಬೈದುಕೊಳ್ಳುತ್ತೇವೆ.

ಪಿಎಫ್, ಇಎಸ್ಐ: ಲೆಕ್ಕ ಹಾಕಿ ನೋಡಿ

ಇಪ್ಪತ್ತು ಅಥವಾ ಹೆಚ್ಚು ಜನರಿದ್ದರೆ ಪಿಎಫ್, ಹತ್ತು ಅಥವಾ ಹೆಚ್ಚಿದ್ದರೆ ಇಎಸ್ಐ ಮತ್ತು ಗ್ರಾಚ್ಯುಟಿ. ಈ ಮಾತೆತ್ತಿದರೆ ಮಾಲೀಕರ ಮುಖ ಕಿರಿದಾಗುತ್ತದೆ. ಪಟ್ಟಿಯಲ್ಲಿ ಒಂಬತ್ತು ಹೆಸರು ತೋರಿಸಿ ಹದಿನೈದು ಜನರಿಂದ ಕೆಲಸ ಮಾಡಿಸುವ ಚಾಳಿಗೆ ಮೂಲ ಈ ಹೆದರಿಕೆ. ಆದ್ದರಿಂದ ಲೆಕ್ಕವನ್ನೇ ಬಿಡಿಸಿಡುತ್ತೇನೆ.

ತಿಂಗಳಿಗೆ 16,000 ರೂಪಾಯಿ ಪಗಾರದ ಒಬ್ಬ ಅಡುಗೆಯವರನ್ನು ತೆಗೆದುಕೊಳ್ಳಿ. ಇಎಸ್ಐಗೆ ಮಾಲೀಕರ ಪಾಲು ಶೇ. 3.25, ಅಂದರೆ 520 ರೂಪಾಯಿ. ಕೆಲಸಗಾರನ ಪಾಲು ಶೇ. 0.75, ಅಂದರೆ 120. ಪಿಎಫ್‌ಗೆ ಇಬ್ಬರದೂ ಶೇ. 12. ಕಾನೂನಿನ ಮಿತಿಯಾದ 15,000ದ ಮೇಲೆ ಲೆಕ್ಕ ಹಾಕಿದರೆ ತಲಾ 1,800. ಇದಲ್ಲದೆ ವಿಮೆ ಮತ್ತು ಆಡಳಿತ ಶುಲ್ಕವೆಂದು ಮಾಲೀಕರಿಂದ ತಲಾ ಶೇ. 0.5, ಸುಮಾರು 150 ರೂಪಾಯಿ. ಒಟ್ಟು ನಿಮ್ಮ ಕೈಯಿಂದ ತಿಂಗಳಿಗೆ 2,470.

ಇದಕ್ಕೆ ಬದಲಾಗಿ ಏನು ಸಿಗುತ್ತದೆ? ಪಗಾರ 21,000ದೊಳಗಿರುವ ಕೆಲಸಗಾರನಿಗೂ ಅವನ ಹೆಂಡತಿ ಮಕ್ಕಳಿಗೂ ಇಎಸ್ಐ ಚಿಕಿತ್ಸೆ. ನಮ್ಮ ಕಡೆಯವರಿಗೆ ವಾಶಿಯಲ್ಲಿ ಇಎಸ್ಐ ಆಸ್ಪತ್ರೆ ಇದೆ. ಎಣ್ಣೆ ಬಾಂಡಲೆ ಮಗುಚಿ ಕೈ ಸುಟ್ಟರೆ ಚಿಕಿತ್ಸೆ ಮಾತ್ರವಲ್ಲ, ಕೆಲಸಕ್ಕೆ ಬರಲಾಗದ ದಿನಗಳಿಗೆ ಪಗಾರದ ಬಹುಪಾಲು ಅಲ್ಲಿಂದಲೇ ಬರುತ್ತದೆ. ಇಎಸ್ಐ ಇಲ್ಲದ ಹೋಟೆಲಿನಲ್ಲಿ ಈ ಪೂರ್ತಿ ಖರ್ಚು ಮಾಲೀಕರ ತಲೆಯ ಮೇಲೆ. ಪಿಎಫ್ ಜೊತೆಗಿರುವ ವಿಮೆಯಿಂದ, ಕೆಲಸದಲ್ಲಿರುವಾಗಲೇ ತೀರಿಕೊಂಡವರ ಮನೆಗೆ 7 ಲಕ್ಷದವರೆಗೆ ಸಿಗಬಹುದು. ಒಡಿಶಾದ ಹಳ್ಳಿಯಲ್ಲಿ ಅವನನ್ನು ನಂಬಿ ಕೂತ ಮನೆಗೆ ಅದು ಎಂಥ ಆಧಾರ ಎಂದು ಬೇರೆ ಹೇಳಬೇಕೆ?

ಇನ್ನು ಬಹಳ ಮಾಲೀಕರ ಕಿವಿಗೆ ಬೀಳದ ವಿಷಯ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಹೊಸ ಕೆಲಸಗಳಿಗೆ ಅನ್ವಯಿಸುತ್ತದೆ. ಹೆಚ್ಚುವರಿಯಾಗಿ ಸೇರಿಸಿಕೊಂಡವನ ಪಿಎಫ್ ಪಗಾರ 10,000ದೊಳಗಿದ್ದರೆ ಮಾಲೀಕರಿಗೆ ತಿಂಗಳಿಗೆ 1,000ದವರೆಗೆ, 10,000ದಿಂದ 20,000ದವರೆಗಿದ್ದರೆ 2,000, ಅದರ ಮೇಲೆ ಒಂದು ಲಕ್ಷದವರೆಗಿದ್ದರೆ 3,000. ಹೋಟೆಲಿನಂಥ ಉದ್ಯಮಕ್ಕೆ ಎರಡು ವರ್ಷ, ಕಾರ್ಖಾನೆಗೆ ನಾಲ್ಕು ವರ್ಷ ಸಿಗುತ್ತದೆ. ಐವತ್ತಕ್ಕಿಂತ ಕಡಿಮೆ ಜನರಿರುವ ಕಡೆ ಕನಿಷ್ಠ ಇಬ್ಬರನ್ನು, ಐವತ್ತು ಅಥವಾ ಹೆಚ್ಚಿರುವ ಕಡೆ ಐವರನ್ನು ಹೆಚ್ಚಿಗೆ ಸೇರಿಸಬೇಕು, ಅವರು ಆರು ತಿಂಗಳು ಉಳಿಯಬೇಕು. ಜೀವನದಲ್ಲಿ ಮೊದಲ ಬಾರಿಗೆ ಪಿಎಫ್‌ಗೆ ಸೇರುವ ಹುಡುಗನಿಗೆ ಪ್ರತ್ಯೇಕವಾಗಿ ಒಂದು ತಿಂಗಳ ಪಗಾರ, 15,000ದವರೆಗೆ, ಎರಡು ಕಂತಿನಲ್ಲಿ ಸಿಗುತ್ತದೆ. ಮೇಲಿನ 2,470ರಲ್ಲಿ 2,000 ಸರ್ಕಾರದಿಂದಲೇ ಬಂದರೆ ಉಳಿಯುವುದು 470. ಅಷ್ಟಕ್ಕಾಗಿ ಒಬ್ಬ ಪಳಗಿದ ಅಡುಗೆಯವರನ್ನು ಕಳೆದುಕೊಳ್ಳುವುದು ಯಾವ ವ್ಯಾಪಾರ?

ಹಿಂದೆ ಸೇರಿಸದೆ ಬಿಟ್ಟವರ ಚಿಂತೆ ಇರುವವರಿಗೂ ಒಂದು ಬಾಗಿಲು ತೆರೆದಿತ್ತು. 2017ರ ಜುಲೈ 1ರಿಂದ 2025ರ ಅಕ್ಟೋಬರ್ 31ರ ನಡುವೆ ಪಿಎಫ್‌ನಿಂದ ಹೊರಗುಳಿದವರನ್ನು ಮಾಲೀಕರೇ ಮುಂದೆ ಬಂದು ಸೇರಿಸುವ ನೋಂದಣಿ ಯೋಜನೆ 2025ರ ನವೆಂಬರ್ 1ರಂದು ಶುರುವಾಯಿತು, ಗಡುವು 2026ರ ಏಪ್ರಿಲ್ 30. ಕೆಲಸಗಾರನ ಪಗಾರದಿಂದ ಕಡಿದಿರದ ಪಾಲನ್ನು ಅದರಲ್ಲಿ ಮನ್ನಾ ಮಾಡಿ, ದಂಡವನ್ನು ಬರೀ ನೂರು ರೂಪಾಯಿಗೆ ಇಳಿಸಿದ್ದರು. ಇಂಥ ಅವಕಾಶ ಪದೇಪದೇ ಬರುವುದಿಲ್ಲ. ಬಂದಾಗ ನಿಮ್ಮ ಲೆಕ್ಕದವರು ಅದನ್ನು ನಿಮಗೆ ಹೇಳುತ್ತಾರೆಯೇ ಎಂದು ಕೇಳಿನೋಡಿ. ಹೇಳದಿದ್ದರೆ ಲೆಕ್ಕದವರನ್ನು ಬದಲಿಸುವುದೇ ಮೇಲು.

ಪಿಎಫ್‌ಗೆ ಬೇಕಾದ ಹೊಸ ಯುಎಎನ್ ನಂಬರನ್ನು ಈಗ ಕೆಲಸಗಾರನೇ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ತೆಗೆಯಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಊರಿನಲ್ಲಿರುವ ಅಣ್ಣನದ್ದಾಗಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಸೇರಿದ ವಾರವೇ ಆಧಾರ್ ಕೇಂದ್ರಕ್ಕೆ ಕಳಿಸಿ ಅವನದೇ ನಂಬರ್ ಹಾಕಿಸಿ.

ವೃತ್ತಿ ತೆರಿಗೆಯ ಮಾತು ಸಣ್ಣದು: 10,000ಕ್ಕಿಂತ ಹೆಚ್ಚು ಪಗಾರದವರಿಂದ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಹೆಂಗಸರಿಗೆ 25,000ದವರೆಗೆ ಇಲ್ಲ. ಕನಿಷ್ಠ ವೇತನದ ಜೊತೆಗಿನ ವಿಶೇಷ ಭತ್ಯೆ ಜನವರಿ ಮತ್ತು ಜುಲೈಯಲ್ಲಿ ಬದಲಾಗುತ್ತದೆ, ಆ ಎರಡು ತಿಂಗಳು ಪಗಾರದ ಪಟ್ಟಿಯನ್ನು ಮತ್ತೆ ನೋಡಿ. ಹತ್ತು ಅಥವಾ ಹೆಚ್ಚು ಮಂದಿ ಇದ್ದರೆ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಬೇಕು. ಅಡುಗೆಮನೆಯಲ್ಲಿ ಹೆಂಗಸರು ಇಬ್ಬರೇ ಇದ್ದರೂ ಬೇಕು.

ಮಲಗುವ ಜಾಗ

ಇದನ್ನು ಬಿಡಿಸಿ ಹೇಳಲೇಬೇಕು. 2017ರ ಡಿಸೆಂಬರ್ 18ರ ನಸುಕಿನಲ್ಲಿ ಮುಂಬಯಿಯ ಸಾಕಿನಾಕಾದ ಖೈರಾಣಿ ರಸ್ತೆಯ ಫರಸಾಣ್ ಅಂಗಡಿಯೊಂದಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ 12 ಕೆಲಸಗಾರರು ಸತ್ತರು. ಅಟ್ಟ ಕುಸಿಯಿತು, ಹೊರಬರಲು ದಾರಿ ಇರಲಿಲ್ಲ. ಅಂಥ ಅಟ್ಟ ನಮ್ಮ ಹೋಟೆಲುಗಳಲ್ಲೂ ಇದೆ. ಕೆಳಗೆ ಸಿಲಿಂಡರ್, ಎಣ್ಣೆಯ ಡಬ್ಬಿ, ಮೇಲೆ ನಾಲ್ಕು ಚಾಪೆ, ಹೊರಗಿನಿಂದ ಇಳಿಸಿ ಬೀಗ ಹಾಕಿದ ಶಟರ್. ರಾತ್ರಿ ಶಟರಿಗೆ ಹೊರಗಿನಿಂದ ಬೀಗ ಹಾಕುವವರು ಯಾರೇ ಇರಲಿ, ಈ ಲೇಖನದಲ್ಲಿ ಬೇರೇನನ್ನೂ ಒಪ್ಪದಿದ್ದರೂ ಇದೊಂದನ್ನು ಇಂದು ರಾತ್ರಿಯಿಂದಲೇ ನಿಲ್ಲಿಸಿ.

ಕಾಮೋಠೆಯ ಸೆಕ್ಟರುಗಳಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ಬಾಡಿಗೆಗೆ ಹಿಡಿದು ಐದಾರು ಜನರನ್ನು ಇರಿಸುವುದು ಈಗ ಹಲವರು ಹಿಡಿದಿರುವ ದಾರಿ. ಕರಾರನ್ನು ಹೋಟೆಲಿನ ಹೆಸರಿನಲ್ಲಿ ನೋಂದಾಯಿಸಿ. ಸೊಸೈಟಿಗೆ ಮೊದಲೇ ಪತ್ರ ಕೊಡಿ, ಇರುವವರ ಹೆಸರು ಮತ್ತು ಫೋಟೊ ಲಗತ್ತಿಸಿ. ಬಾಡಿಗೆದಾರರ ಮಾಹಿತಿಯನ್ನು ಕಾಮೋಠೆ ಪೊಲೀಸ್ ಠಾಣೆಗೆ ಕೊಡಿ. ಹುಡುಗರು ಬದಲಾದಾಗ ಪಟ್ಟಿಯೂ ಬದಲಾಗಲಿ. ಇದನ್ನು ಅನುಮಾನದ ಕೆಲಸವೆಂದು ತಿಳಿಯಬೇಡಿ. ಯಾರೋ ಅವರನ್ನು ರಸ್ತೆಯಲ್ಲಿ ತಡೆದು ‘ನೀನು ಎಲ್ಲಿಯವನು’ ಎಂದು ಗದರಿದಾಗ, ಠಾಣೆಯಲ್ಲಿರುವ ಆ ಪಟ್ಟಿಯೂ ಕಿಸೆಯಲ್ಲಿರುವ ನಿಮ್ಮ ಗುರುತಿನ ಚೀಟಿಯೂ ಅವರ ಬೆನ್ನಿಗೆ ನಿಲ್ಲುತ್ತವೆ.

ಇ-ಶ್ರಮ್ ಕಾರ್ಡು 2021ರ ಆಗಸ್ಟ್ 26ರಿಂದ ಇದೆ. ಪಿಎಫ್, ಇಎಸ್ಐ ಇಲ್ಲದ 16ರಿಂದ 59 ವರ್ಷದವರಿಗೆ, ಅಂದರೆ ನಾಕಾದಲ್ಲಿ ನಿಂತು ದಿನಗೂಲಿಗೆ ಹೋಗುವವರಿಗೆ ಮಾಡಿಸಿಕೊಡಿ. ‘ಒಂದು ದೇಶ ಒಂದು ರೇಷನ್ ಕಾರ್ಡ್’ 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ಊರಿನ ಕಾರ್ಡಿನಲ್ಲಿ ಹೆಸರಿದ್ದವನು ಇಲ್ಲಿನ ಸರ್ಕಾರಿ ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತನ್ನ ಪಾಲು ಪಡೆಯಬಹುದು, ಮನೆಯವರು ಊರಿನಲ್ಲಿ ಉಳಿದದ್ದನ್ನು ಪಡೆಯಬಹುದು. ಕುಟುಂಬದೊಂದಿಗೆ ಬಂದು ಕಟ್ಟಡದ ಬುಡದಲ್ಲಿ ಶೆಡ್ಡು ಹಾಕಿಕೊಂಡ ವಿಜಯಪುರ ಜಿಲ್ಲೆಯವರಿಗೆ ಇದು ದೊಡ್ಡ ಮಾತು. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ 18ರಿಂದ 60ರ ವಯಸ್ಸಿನವರು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. 90 ದಿನದ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವರು ಠೇಕೇದಾರರಾದ ನೀವೇ. ಅದಕ್ಕೆ ಹಿಂಜರಿಯಬೇಡಿ.

ನೇಪಾಳದ ಹುಡುಗರ ಬಗ್ಗೆ ಹಲವರಿಗೆ ಅಂಜಿಕೆ ಇದೆ. 1950ರ ಭಾರತ ನೇಪಾಳ ಒಪ್ಪಂದದಿಂದಾಗಿ ಅವರಿಗೆ ವೀಸಾ ಬೇಕಿಲ್ಲ, ಕೆಲಸದ ಪರವಾನಗಿ ಬೇಕಿಲ್ಲ. ಪಿಎಫ್‌ನಲ್ಲೂ ಅವರು ಭಾರತೀಯ ಕೆಲಸಗಾರರ ಸಮಾನ. ಅವರ ನಾಗರಿಕತಾ ಪ್ರಮಾಣಪತ್ರದ ಪ್ರತಿ ಫೈಲಿನಲ್ಲಿರಲಿ. ಗಡಿಬಿಡಿಗೆ ನಕಲಿ ಆಧಾರ್ ಮಾಡಿಸಿಕೊಡುವ ದಲ್ಲಾಳಿಗಳ ಹತ್ತಿರ ಸುಳಿಯಬೇಡಿ, ಕಾನೂನುಬದ್ಧವಾಗಿ ಬಂದವನನ್ನು ಅಪರಾಧಿ ಮಾಡಿದಂತಾಗುತ್ತದೆ.

ವಯಸ್ಸಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ. 14ರೊಳಗಿನ ಮಕ್ಕಳು ಹೋಟೆಲಿನಲ್ಲಿ ದುಡಿಯುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. 18ರೊಳಗಿನವರನ್ನೂ ಸೇರಿಸಿಕೊಳ್ಳಬೇಡಿ ಎನ್ನುವುದು ನನ್ನ ಸಲಹೆ.

ಜನರನ್ನು ಹುಡುಕುವುದು, ಕಲಿಸುವುದು

ರಾಜ್ಯದ ಮಹಾಸ್ವಯಂ ತಾಣದಲ್ಲಿ ಮಾಲೀಕರು ಉಚಿತವಾಗಿ ಹೆಸರು ಬರೆಸಿ ಖಾಲಿ ಜಾಗಗಳನ್ನು ಹಾಕಬಹುದು. ಪಂಡಿತ ದೀನದಯಾಳ ಉಪಾಧ್ಯಾಯ ರೋಜಗಾರ್ ಮೇಳಗಳ ಸುದ್ದಿಯೂ ಅಲ್ಲೇ ಬರುತ್ತದೆ. ಇಂಥ ಮೇಳಗಳಲ್ಲಿ ಮೇಜು ಹಾಕುವವರು ಹೆಚ್ಚಾಗಿ ದೊಡ್ಡ ಕಂಪನಿಗಳು, ಸೆಕ್ಯುರಿಟಿ ಏಜೆನ್ಸಿಗಳು. ಹೋಟೆಲಿನವರು ಒಬ್ಬೊಬ್ಬರೇ ಹೋಗಲು ಸಂಕೋಚಪಟ್ಟರೆ ನಾಲ್ಕೈದು ಹೋಟೆಲು ಸೇರಿ ಒಂದು ಮೇಜು ಹಾಕಲಿ. ವಾಶಿ ಸ್ಟೇಷನ್ ಬಳಿಯ ಸಿಡ್ಕೋ ಪ್ರದರ್ಶನ ಕೇಂದ್ರದಲ್ಲಿ ಆಗಾಗ ನಡೆಯುವ ವ್ಯಾಪಾರ ಮೇಳಗಳಿಗೂ ಮಾಲೀಕರಷ್ಟೇ ಹೋಗದೆ ಅಡುಗೆಯ ಮುಖ್ಯಸ್ಥರನ್ನೂ ಕರೆದೊಯ್ಯಿರಿ. ಹೊಸ ಗ್ರೈಂಡರ್, ಪಾತ್ರೆ ತೊಳೆಯುವ ಯಂತ್ರ ಯಾವುದು ನಿಮ್ಮ ಅಡುಗೆಮನೆಗೆ ಹೊಂದುತ್ತದೆ ಎಂದು ನೋಡಿದ ಕೂಡಲೇ ಹೇಳಬಲ್ಲವರು ಅವರೇ.

ಅಪ್ರೆಂಟಿಸ್ ಯೋಜನೆಯನ್ನು ನಮ್ಮವರು ಬಳಸುತ್ತಿಲ್ಲ, ಇದು ನನಗೆ ಬೇಸರದ ಸಂಗತಿ. ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, ನಾಲ್ಕರಿಂದ ಇಪ್ಪತ್ತೊಂಬತ್ತು ಇದ್ದರೆ ಇಷ್ಟವಿದ್ದವರಿಗೆ ಬಿಟ್ಟದ್ದು. ಸ್ಟೈಪೆಂಡಿನ ಶೇ. 25ನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಹುಡುಗನ ಖಾತೆಗೇ ಹಾಕುತ್ತದೆ. ಮಹಾರಾಷ್ಟ್ರದ ನಿವಾಸಿಗಳಾದ 18ರಿಂದ 35ರ ಯುವಕರಿಗೆ ರಾಜ್ಯದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆ 2024ರಲ್ಲಿ ಬಂತು. ಹನ್ನೆರಡನೆಯ ತರಗತಿಯವರಿಗೆ 6,000, ಐಟಿಐ, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ಸ್ಟೈಪೆಂಡ್. ಬಿಲ್ಲಿಂಗ್, ಸ್ಟೋರ್, ಲೆಕ್ಕಪತ್ರದ ಕೆಲಸಕ್ಕೆ ನಮ್ಮ ಸಮಾಜದ ಇಲ್ಲೇ ಹುಟ್ಟಿದ ಮಕ್ಕಳಿಗೂ ಇದು ಒಳ್ಳೆಯ ಮೆಟ್ಟಿಲು.

ಈಗಾಗಲೇ ಕೆಲಸ ಬಲ್ಲವರಿಗೆ ಪ್ರಮಾಣಪತ್ರ ಕೊಡಿಸಿ. ಇಪ್ಪತ್ತು ವರ್ಷ ದೋಸೆ ಹುಯ್ದವರ ಕೈಯಲ್ಲಿ ‘ನಾನು ಅಡುಗೆಯವನು’ ಎಂದು ಹೇಳುವ ಒಂದು ಹಾಳೆಯೂ ಇರುವುದಿಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಮೊದಲೇ ಇರುವ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಆಹಾರ ಸುರಕ್ಷತೆಯ ಫೋಸ್ಟ್ಯಾಕ್ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಪ್ರತಿ 25 ಜನರಿಗೆ ಹೇಗೂ ಬೇಕು. ಇದಕ್ಕೆ ಹೋಟೆಲಿನ ಹಿರಿಯ ಹುಡುಗನನ್ನೇ ಕಳಿಸಿ. ರಾತ್ರಿ ಶಾಲೆಗಳು ನಮ್ಮ ಅಪ್ಪಂದಿರಿಗೆ ಮಾಡಿದ ಉಪಕಾರವನ್ನು ಈಗ ಒಡಿಶಾದ ಹುಡುಗನಿಗೆ ನಾವು ಮಾಡಬಹುದಾದ ರೀತಿ ಇದು. ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದು ಸಣ್ಣ ಪಾಲನ್ನು ಇಂಥ ತರಬೇತಿಗೆ ಇಟ್ಟರೆ ಎಷ್ಟು ಚೆನ್ನ!

ಅವರು ಹೊರದೇಶಕ್ಕೆ ಹೊರಟಾಗ

ಪ್ರಮಾಣಪತ್ರ ಕೊಡಿಸಿದರೆ ದುಬೈಗೆ ಹೋಗಿಬಿಡುತ್ತಾರೆ ಎಂದು ಹೆದರುವವರಿದ್ದಾರೆ. ಹೋಗುವವರು ಹೇಗೂ ಹೋಗುತ್ತಾರೆ. ಮೋಸ ಹೋಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ ಗುರುತು ಇರುತ್ತದೆ. ಅಂಥವರು ಕೊಲ್ಲಿಯ ಆರು ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆಯಬೇಕು. ಏಜೆಂಟರ ಹೆಸರು ಮತ್ತು ಲೈಸೆನ್ಸ್ ನಂಬರನ್ನು ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ. ಅಲ್ಲಿ ಇಲ್ಲದಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. ಇದ್ದರೂ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ, ಕೊಟ್ಟದ್ದಕ್ಕೆ ರಸೀದಿ ಬೇಕೇ ಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿಗೆ 10 ಲಕ್ಷದ ಅಪಘಾತ ವಿಮೆ ಕೊಡುತ್ತದೆ. ‘ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸೋಣ’ ಎಂದರೆ ಹೋಗಬಾರದು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ನಂಬಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಕೂಪಗಳಲ್ಲಿ ಸಿಕ್ಕಿಬಿದ್ದ ನೂರಾರು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ಬೆಲಾಪುರ, ಖಾರ್ಘರ್ ಸುತ್ತ ಹಡಗಿನ ಕೆಲಸ ಕೊಡಿಸುತ್ತೇವೆ ಎನ್ನುವ ಬೋರ್ಡುಗಳು ತುಂಬಾ ಇವೆ. ನಾವಿಕರನ್ನು ನೇಮಿಸಿಕೊಡುವವರಿಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಲೈಸೆನ್ಸ್ ಬೇಕು. ಕೆಲಸಕ್ಕಾಗಿ ನಾವಿಕನಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಅದು ಮೋಸವೇ.

ದೂರದ ದೇಶಗಳ ಬಾಗಿಲುಗಳೂ ಬದಲಾಗಿವೆ. ಬ್ರಿಟನ್ 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾವನ್ನು ಪದವಿ ಮಟ್ಟದ ಕೆಲಸಗಳಿಗೆ ಏರಿಸಿತು. ಹೊಸದಾಗಿ ಅರ್ಜಿ ಹಾಕುವ ಅಡುಗೆಯವರಿಗೆ ಆ ದಾರಿ ಮುಚ್ಚಿತು, ಹೊರದೇಶದಿಂದ ಆರೈಕೆ ಕೆಲಸಗಾರರನ್ನು ಹೊಸದಾಗಿ ಕರೆಸುವುದೂ ನಿಂತಿತು. ಈಗಲೂ ‘ಲಂಡನ್ ಹೋಟೆಲಿಗೆ ಕುಕ್ ಬೇಕು’ ಎಂದು ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. ಜಪಾನಿನ ದಾರಿ ತೆರೆದಿದೆ. ಭಾರತದೊಂದಿಗಿನ 2021ರ ಒಪ್ಪಂದದಂತೆ ಅಲ್ಲಿನ ನಿರ್ದಿಷ್ಟ ಕೌಶಲ ವೀಸಾದಲ್ಲಿ ಹೋಟೆಲು, ವೃದ್ಧರ ಆರೈಕೆ ಕೂಡ ಸೇರಿವೆ. ಆದರೆ ಜಪಾನಿ ಭಾಷೆಯ ಪರೀಕ್ಷೆಯನ್ನೂ ಕಸುಬಿನ ಪರೀಕ್ಷೆಯನ್ನೂ ಪಾಸಾಗಬೇಕು. ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಭಾರತೀಯ ಕುಶಲ ಕೆಲಸಗಾರರ ವೀಸಾ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಸಾರಿತು. ಕಾಮೋಠೆಯ ಎಂಜಿಎಂ ಆಸ್ಪತ್ರೆಯ ಆಸುಪಾಸಿನಲ್ಲಿ ನರ್ಸಿಂಗ್ ಓದುತ್ತಿರುವ ಮಕ್ಕಳ ತಂದೆತಾಯಿ ಇದನ್ನು ಗಮನಿಸಬೇಕು. ಜರ್ಮನ್ ಭಾಷೆಯನ್ನು ಓದುವಾಗಲೇ ಶುರುಮಾಡಿದರೆ ಮುಂದೆ ಸಮಯ ಉಳಿಯುತ್ತದೆ.

ಹೊರಟವನಿಗೆ ನೀವು ಕೊಡಬೇಕಾದದ್ದು ಮೂರು. ಒಂದು, ಅನುಭವದ ಪತ್ರ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕೆಲಸ, ಎಷ್ಟು ಪಗಾರ, ಹೋಟೆಲಿನ ಲೆಟರ್‌ಹೆಡ್ಡಿನಲ್ಲಿ, ಸಹಿ ಮತ್ತು ಸಿಕ್ಕಾದೊಂದಿಗೆ. ಹೊರದೇಶದ ಮಾಲೀಕರು ಇದನ್ನು ನಿಮ್ಮಲ್ಲೇ ವಿಚಾರಿಸುತ್ತಾರೆ. ಇಲ್ಲದ ವರ್ಷಗಳನ್ನು ಸೇರಿಸಿ ಬರೆದರೆ ಹುಡುಗನ ವೀಸಾಕ್ಕೇ ಕುತ್ತು. ಎರಡು, ಕೊನೆಯ ಲೆಕ್ಕದ ಚುಕ್ತಾ ಚೀಟಿ. ಮೂರು, ಪಿಎಫ್ ತಾಣದಲ್ಲಿ ಅವನು ಕೆಲಸ ಬಿಟ್ಟ ದಿನಾಂಕ. ಮಾಲೀಕರು ಆ ದಿನಾಂಕ ತುಂಬದೆ ಬಿಟ್ಟರೆ ಅವನ ದುಡ್ಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳ ನಂತರ ಅವನೇ ತುಂಬಿಕೊಳ್ಳುವ ಅವಕಾಶವಿದೆ. ಆದರೆ ಅಷ್ಟು ಹೊತ್ತಿಗೆ ಅವನ ಭಾರತದ ಸಿಮ್ ಬಂದ್ ಆಗಿ ಓಟಿಪಿ ಬರದೆ ಪೇಚಾಡುವುದು ಸಾಮಾನ್ಯ. ಹಾಗಾಗಿ ವಿಮಾನ ಹತ್ತುವ ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು ದಿನಾಂಕ ತುಂಬಿ, ನಾಮಿನಿಯ ಹೆಸರು ಸರಿಯಿದೆಯೇ ನೋಡಿ, ಊರಿನ ಬ್ಯಾಂಕ್ ಖಾತೆ ಜೋಡಿಸಿ ಕಳಿಸಿ.